ನೈಋತ್ಯ ಜಾರ್ಜಿಯಾಕ್ಕೆ ಹೊರಟಿರುವ ತಂಗಿಗೆ

ನಿಮ್ಮ ಯಜಮಾನರಿಗೆ ಅಮೆರಿಕದ ಜಾರ್ಜಿಯಾ ರಾಜ್ಯದ ನೈಋತ್ಯ ಭಾಗದ ಚಿಕ್ಕ ಊರೊಂದರ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ, ನೀವು ಸಸ್ಯಾಹಾರಿಗಳು, ಸುತ್ತಮುತ್ತ ನಮ್ಮ ಅಂಗಡಿ ಒಂದೂ ಇಲ್ಲವೆಂದು ಕೇಳಿ ನಿಮಗೆ ಗಾಬರಿಯಾಗಿದೆ. ಅಲ್ಲಿ ಅಡುಗೆ ಹೇಗೆ, ಜನ ಹೇಗೆ, ಮಗುವಿನ ಶಾಲೆ ಹೇಗೆ, ಊರಿನಿಂದ ಏನೇನು ಕಟ್ಟಿಕೊಂಡು ಬರಬೇಕು ಎಂದು ಬರೆದಿದ್ದೀರಿ. ಅಕ್ಕ ಎಂದು ಕರೆದು ಕೇಳಿದ್ದೀರಿ, ಆದ್ದರಿಂದ ತಿಳಿದಷ್ಟನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ.

ನಾನು ಹಾವೇರಿ ಜಿಲ್ಲೆಯಿಂದ ಇಲ್ಲಿಗೆ ಬಂದದ್ದು 2004ರ ಆಗಸ್ಟ್‌ನಲ್ಲಿ. ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ದುಡಿಯಬೇಕೆಂಬ ವೀಸಾ ಷರತ್ತಿನ ಮೇಲೆ ನಮ್ಮವರೂ ಬಂದವರೇ. ಹಾಗೆ ಬಂದ ಹಲವರು ಷರತ್ತು ಮುಗಿದ ಮರುತಿಂಗಳೇ ಅಟ್ಲಾಂಟಾದ ದಾರಿ ಹಿಡಿದದ್ದನ್ನು ಕಂಡಿದ್ದೇನೆ. ನಾವು ಉಳಿದೆವು, ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇದೆ. ವಿಮಾನ ನಿಲ್ದಾಣದಿಂದ ಮೂರು ಗಂಟೆ ಕಾರಿನಲ್ಲಿ ಬರುವಾಗ ರಸ್ತೆಯ ಎರಡೂ ಬದಿಗೆ ನೆಲಕ್ಕೆ ಹಬ್ಬಿದ ಹಸಿರು ಬೆಳೆ ಕಂಡು, ಇದು ನಮ್ಮ ಶೇಂಗಾ ಅಲ್ಲವೇ ಎಂದು ನಾನು ಕೇಳಿದ್ದು, ಇರಲಾರದು ಎಂದು ಅವರು ಹೇಳಿದ್ದು ನೆನಪಿದೆ. ಅದು ಶೇಂಗಾವೇ ಆಗಿತ್ತು. ಅಮೆರಿಕದಲ್ಲಿ ಬೆಳೆಯುವ ಶೇಂಗಾದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಈ ಒಂದು ರಾಜ್ಯದ್ದೇ, ಅದರಲ್ಲೂ ಹೆಚ್ಚಿನದು ನಮ್ಮ ಈ ಭಾಗದ್ದು. ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಇಲ್ಲಿನ ಪ್ಲೇನ್ಸ್ ಎಂಬ ಹಳ್ಳಿಯ ಶೇಂಗಾ ಬೆಳೆಗಾರರಾಗಿದ್ದವರೇ.

ಆದ್ದರಿಂದ ಅಡುಗೆಗೆ ಏನು ಸಿಗುತ್ತದೆ ಎಂಬ ಪ್ರಶ್ನೆಗೆ ನನ್ನ ಉತ್ತರ ನೀವು ಅಂದುಕೊಂಡದ್ದಕ್ಕಿಂತ ಉದ್ದವಿದೆ. ಬೇಸಿಗೆಯಲ್ಲಿ ರಸ್ತೆಬದಿಯ ಅಂಗಡಿಗಳಲ್ಲಿ ಬೆಂಡೆಕಾಯಿ, ಅಲಸಂದೆ, ಬದನೆ, ಸಿಹಿಗೆಣಸು, ಕಲ್ಲಂಗಡಿ ಎಲ್ಲವೂ ರಾಶಿ ಬೀಳುತ್ತವೆ. ಅಲಸಂದೆಯ ಜಾತಿಯಲ್ಲೇ ಇಲ್ಲಿ ಹತ್ತಾರು ಬಗೆಗಳಿವೆ. ಕಪ್ಪು ಕಣ್ಣಿನದು, ನೇರಳೆ ಸಿಪ್ಪೆಯದು, ಒತ್ತೊತ್ತಾಗಿ ಕಾಳು ತುಂಬಿದ ಕ್ರೌಡರ್ ಎಂಬುದು. ಇವನ್ನು ಹಸಿಯಾಗಿಯೇ ಬುಟ್ಟಿಗಟ್ಟಲೆ ಕೊಂಡು, ಸಂಜೆ ಮನೆಯ ಮುಂದಿನ ಪಡಸಾಲೆಯಲ್ಲಿ ಕುಳಿತು ಸುಲಿಯುತ್ತ ಊರಿನ ಸುದ್ದಿ ಮಾತನಾಡುವುದು ಇಲ್ಲಿನ ಹೆಂಗಸರ ವಾಡಿಕೆ. ನಮ್ಮಲ್ಲಿ ಯುಗಾದಿಗೆ ಬೇವುಬೆಲ್ಲ ಇದ್ದಂತೆ ಇವರಿಗೆ ಜನವರಿ ಒಂದರಂದು ಅಲಸಂದೆ ಕಾಳು ಮತ್ತು ಸೊಪ್ಪು ಇರಲೇಬೇಕು. ಬೆಂಡೆ, ಅಲಸಂದೆ, ಜೋಳ ಇವೆಲ್ಲ ಗುಲಾಮರಾಗಿ ಬಂದ ಆಫ್ರಿಕಾದ ಜನರೊಂದಿಗೆ ಈ ನೆಲಕ್ಕೆ ಬಂದವು. ನಮ್ಮ ಜೋಳ, ರಾಗಿ, ಅಲಸಂದೆಗಳೂ ಸಾವಿರಾರು ವರ್ಷಗಳ ಹಿಂದೆ ಅದೇ ಖಂಡದಿಂದ ನಮ್ಮಲ್ಲಿಗೆ ಬಂದವೇ ಆದ್ದರಿಂದ ಇಲ್ಲಿನ ಅಡುಗೆಮನೆಯ ವಾಸನೆ ಅಷ್ಟೇನೂ ಪರಕೀಯವಾಗಿ ತೋರುವುದಿಲ್ಲ. ಒಂದೇ ವ್ಯತ್ಯಾಸವೆಂದರೆ ಜೋಳವನ್ನು ಇವರು ರೊಟ್ಟಿ ಮಾಡುವುದಿಲ್ಲ. ಸಿಹಿ ಜಾತಿಯ ಜೋಳದ ದಂಟನ್ನು ಕಬ್ಬಿನಂತೆ ಅರೆದು, ರಸ ಕಾಯಿಸಿ, ಜೋನಿಬೆಲ್ಲದಂಥ ಪಾಕ ಮಾಡುತ್ತಾರೆ. ಅದನ್ನು ಬಾಟಲಿಗಟ್ಟಲೆ ಕೊಂಡಿಡಿ, ಹೋಳಿಗೆಯ ಜೊತೆ ಚೆನ್ನಾಗಿರುತ್ತದೆ.

ಗ್ರಿಟ್ಸ್ ಎಂಬುದನ್ನು ಕಂಡು ಮುಖ ತಿರುಗಿಸಬೇಡಿ. ಅದು ಗೋವಿನಜೋಳದ ನುಚ್ಚು, ಬೇರೇನೂ ಅಲ್ಲ. 2002ರಲ್ಲಿ ಇದನ್ನು ರಾಜ್ಯದ ಅಧಿಕೃತ ಸಿದ್ಧ ಆಹಾರವೆಂದು ಘೋಷಿಸಿದ್ದಾರೆಂದರೆ ಇವರಿಗೆ ಇದರ ಮೇಲಿರುವ ಅಭಿಮಾನ ನಿಮಗೆ ತಿಳಿಯಬಹುದು. ಐದು ನಿಮಿಷದಲ್ಲಿ ಬೇಯುವ ಪೊಟ್ಟಣ ಬೇಡ. ಕಲ್ಲಿನಲ್ಲಿ ಬೀಸಿದ್ದನ್ನು ಕೇಳಿ ತೆಗೆದುಕೊಳ್ಳಿ, ಒಂದಕ್ಕೆ ನಾಲ್ಕರಷ್ಟು ನೀರಿಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಕೈಯಾಡಿಸುತ್ತ ಬೇಯಿಸಿ. ಇವರು ಬೆಣ್ಣೆ, ಚೀಸ್ ಹಾಕುತ್ತಾರೆ. ನಾನು ಆರಿಸಿ, ಮಜ್ಜಿಗೆ ಕಲಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಡುತ್ತೇನೆ. ಕೊಲಾರ್ಡ್ ಎಂಬ ದಪ್ಪ ಎಲೆಯ ಸೊಪ್ಪು ಚಳಿಗಾಲದ್ದು. ಇಬ್ಬನಿ ಹೆಪ್ಪುಗಟ್ಟುವ ನಾಲ್ಕು ರಾತ್ರಿ ಕಳೆದ ಮೇಲೆ ಅದರ ಕಹಿ ಇಳಿದು ರುಚಿ ಏರುತ್ತದೆ. ನಡುವಿನ ದಂಟು ಸೀಳಿ ತೆಗೆದು, ಸಣ್ಣಗೆ ಹೆಚ್ಚಿ, ತೊಗರಿಬೇಳೆಯೊಂದಿಗೆ ಕುಕ್ಕರಿಗೆ ಹಾಕಿ; ಮುಂದಿನದು ನಿಮಗೆ ಗೊತ್ತೇ ಇದೆ. ವಿಡೇಲಿಯಾ ಎಂಬ ಇಲ್ಲಿನ ಹೆಸರಾಂತ ಈರುಳ್ಳಿ ಮಾತ್ರ ನನಗೆ ಇಂದಿಗೂ ಒಗ್ಗಿಲ್ಲ. ಕಾನೂನು ಗುರುತಿಸಿದ ಕೆಲವು ಕೌಂಟಿಗಳಲ್ಲಿ, ಎಂದರೆ ಜಿಲ್ಲೆಗಳಲ್ಲಿ, ಬೆಳೆದದ್ದಕ್ಕೆ ಮಾತ್ರ ಆ ಹೆಸರಿಡಬಹುದು, ಅಷ್ಟು ಮರ್ಯಾದೆ ಅದಕ್ಕೆ. ಆದರೆ ರೊಟ್ಟಿಯ ಜೊತೆ ಕಚ್ಚಿದರೆ ಸೇಬಿನಂತೆ ಸಿಹಿ, ಕಣ್ಣಲ್ಲಿ ಒಂದು ಹನಿ ನೀರು ಬಾರದ ಅದನ್ನು ಈರುಳ್ಳಿ ಎನ್ನಲು ಮನಸ್ಸು ಬರುವುದಿಲ್ಲ.

ಇನ್ನು ಎಚ್ಚರಿಕೆಯ ಮಾತು. ಇಲ್ಲಿ ತರಕಾರಿ ಎಂದು ತಟ್ಟೆಗೆ ಬರುವುದೆಲ್ಲ ಸಸ್ಯಾಹಾರವಲ್ಲ. ಸೊಪ್ಪು, ಕಾಳು, ಹುರುಳಿಕಾಯಿ ಇವೆಲ್ಲ ಹಂದಿಯ ಮೂಳೆ ಅಥವಾ ಉಪ್ಪು ಹಾಕಿದ ಕೊಬ್ಬಿನೊಂದಿಗೆ ಗಂಟೆಗಟ್ಟಲೆ ಬೆಂದಿರುತ್ತವೆ. ಗೋವಿನಜೋಳದ ಬ್ರೆಡ್ಡಿನ ಕಾವಲಿಗೆ ಸವರಿದ್ದು ಬೇಕನ್ ಎಂಬ ಹಂದಿಮಾಂಸದ ಜಿಡ್ಡಾಗಿರಬಹುದು, ಮೆತ್ತನೆಯ ಬಿಸ್ಕತ್ತಿನಲ್ಲಿ ಹಂದಿಯ ಕೊಬ್ಬಿರಬಹುದು. ಇದರಲ್ಲಿ ಮಾಂಸವಿದೆಯೇ ಎಂದು ಕೇಳಿದರೆ ಇಲ್ಲ ಎಂದೇ ಹೇಳುತ್ತಾರೆ, ಸುಳ್ಳಾಡುವುದಲ್ಲ. ರುಚಿಗೆ ಹಾಕಿದ್ದನ್ನು ಅವರು ಮಾಂಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಾವುದರಲ್ಲಿ ಬೇಯಿಸಿದಿರಿ ಎಂದು ಕೇಳಬೇಕು.

ಈ ಪ್ರಶ್ನೆಯನ್ನು ಯಾವಾಗ ಕೇಳಬೇಕೆಂಬುದು ಅದನ್ನು ಕೇಳುವುದಕ್ಕಿಂತ ದೊಡ್ಡದು. ನಾವು ಬಂದ ವಾರದಲ್ಲೇ ಎದುರು ಮನೆಯ ಹಿರಿಯ ಹೆಂಗಸೊಬ್ಬರು ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ಬಾಗಿಲಿಗೆ ಬಂದರು. ಎಪ್ಪತ್ತು ದಾಟಿದ್ದ ಕಪ್ಪು ಮಹಿಳೆ, ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದವರು. ನಮ್ಮಲ್ಲಿ ಮಾಡುವಂತೆ ನಾವು, ಈಗ ತಾನೇ ಊಟವಾಯಿತು, ದಯವಿಟ್ಟು ಬೇಡ ಎಂದು ಕೈಮುಗಿದೆವು. ನಮ್ಮೂರಿನಲ್ಲಿ ಅದು ಮಾತಿನ ಮೊದಲ ಸುತ್ತು ಮಾತ್ರ. ತಂದವರು ಒತ್ತಾಯ ಮಾಡುತ್ತಾರೆ, ನಾವು ಸಂಕೋಚ ಪಡುತ್ತೇವೆ, ಕೊನೆಗೆ ನಿಜವಾದ ಕಾರಣ ಹೇಳಲು ಒಂದು ಸಂದರ್ಭ ತಾನಾಗಿ ಒದಗುತ್ತದೆ. ಇಲ್ಲಿ ಆಡಿದ ಮಾತನ್ನು ಆಡಿದಂತೆಯೇ ನಂಬುತ್ತಾರೆ. ಅವರು ತಟ್ಟೆ ಹಿಂದಕ್ಕೆ ಒಯ್ದರು. ಮತ್ತೊಮ್ಮೆ ತಂದಾಗಲೂ ಹಾಗೆಯೇ ಆಯಿತು. ಅಲ್ಲಿಗೆ ತಟ್ಟೆ ಬರುವುದು ನಿಂತಿತು, ನಮಸ್ಕಾರ ಮಾತ್ರ ಉಳಿಯಿತು.

ಚಳಿಗಾಲ ಕಳೆದ ಮೇಲೆ ಅವರ ಮಗಳು ನನ್ನನ್ನು ನೇರವಾಗಿ ಕೇಳಿದರು: ನಮ್ಮ ಅಡುಗೆಮನೆಯದನ್ನು ನೀವು ಉಣ್ಣುವುದಿಲ್ಲವೇ? ಆ ಪ್ರಶ್ನೆಯ ಹಿಂದಿನ ಭಾರ ನನಗೆ ಒಮ್ಮೆಲೇ ಹೊಳೆಯಲಿಲ್ಲ. ಈ ಸೀಮೆಯಲ್ಲಿ ಆ ತಾಯಿಯ ಯೌವನದ ದಿನಗಳವರೆಗೂ ಹೋಟೆಲಿನಲ್ಲಿ ಬಿಳಿಯರ ಸಾಲಿನಲ್ಲಿ ಕುಳಿತು ಉಣ್ಣಲು ಕಪ್ಪು ಜನರಿಗೆ ಅವಕಾಶವಿರಲಿಲ್ಲ. ಪಕ್ಕದ ಆಲ್ಬನಿ ನಗರದಲ್ಲಿ 1961 ಮತ್ತು 1962ರಲ್ಲಿ ಈ ವರ್ಣಭೇದದ ವಿರುದ್ಧ ನಡೆದ ಚಳವಳಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರೂ ಸೆರೆಮನೆ ಕಂಡರು. ಬಿಳಿಯರ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದವರು ಇವರೇ, ಜೊತೆಗೆ ಕುಳಿತು ಉಣ್ಣಬಾರದವರೂ ಇವರೇ. ಪಂಕ್ತಿಭೇದವೆಂದರೇನೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಯಾರ ಮನೆಯ ನೀರು ಮುಟ್ಟಬಹುದು, ಯಾರ ಮನೆಯದು ಬಾರದು ಎಂಬ ಲೆಕ್ಕವಿದ್ದ ಊರುಗಳಿಂದಲೇ ನಾವು ಬಂದಿದ್ದೇವೆ, ಮತ್ತು ಆ ಲೆಕ್ಕದಲ್ಲಿಯೂ ಬೇಡವೆನ್ನುವವರು ಹೇಳುತ್ತಿದ್ದ ನೆಪ ಇದೇ ಆಗಿತ್ತು: ಈಗ ತಾನೇ ಊಟವಾಯಿತು.

ನಾನು ಅಂದೇ ಹೋಗಿ ಹಂದಿಯ ವಿಷಯ ತಿಳಿಸಿದೆ. ಆ ತಾಯಿ ಜೋರಾಗಿ ನಕ್ಕು, ಇಷ್ಟೇ ತಾನೇ ಎಂದರು. ವಾರದೊಳಗೆ ಶೇಂಗಾ ಎಣ್ಣೆ, ಈರುಳ್ಳಿ, ಒಣಮೆಣಸಿನಕಾಯಿ ಹಾಕಿ ಬೇಯಿಸಿದ ಸೊಪ್ಪು ಬಂತು. ಅಷ್ಟು ಒಳ್ಳೆಯ ಸೊಪ್ಪನ್ನು ನಾನು ನನ್ನ ತವರಿನಲ್ಲಿಯೂ ಉಂಡಿಲ್ಲ. ಆದರೆ ಅವರು ಬದುಕಿರುವವರೆಗೂ, ನಮ್ಮ ಹೊಸ್ತಿಲಿಗೆ ತಟ್ಟೆ ತಂದಾಗಲೆಲ್ಲ, ಅದರಲ್ಲಿ ಏನೇನು ಹಾಕಿದ್ದೇನೆಂದು ಮೊದಲು ಒಂದೊಂದಾಗಿ ಹೇಳಿ ಮುಗಿಸಿಯೇ ಕೈಗೆ ಕೊಡುತ್ತಿದ್ದರು. ಬೇರೆ ಯಾವ ಮನೆಗೂ ಅವರು ಹಾಗೆ ಒಪ್ಪಿಸುತ್ತ ನಿಂತದ್ದನ್ನು ನಾನು ನೋಡಲಿಲ್ಲ. ಅದು ನನಗೆ ಈಗಲೂ ಚುಚ್ಚುತ್ತದೆ. ನೀವು ಮೊದಲ ದಿನವೇ, ಮೊದಲ ತಟ್ಟೆ ಬರುವ ಮುಂಚೆಯೇ, ನಾವು ಹಂದಿ, ದನ, ಕೋಳಿ, ಮೀನು, ಅವುಗಳ ಕೊಬ್ಬು ಯಾವುದನ್ನೂ ತಿನ್ನುವುದಿಲ್ಲ, ಉಳಿದದ್ದನ್ನೆಲ್ಲ ನಿಮ್ಮ ಮನೆಯಲ್ಲೇ ಕುಳಿತು ತಿನ್ನುತ್ತೇವೆ ಎಂದು ಎರಡನ್ನೂ ಸೇರಿಸಿ ಹೇಳಿ. ಎರಡನೆಯ ಭಾಗವನ್ನು ಬಿಡಬೇಡಿ.

ಉಳಿದ ಪ್ರಶ್ನೆಗಳಿಗೆ ಚುಟುಕಾಗಿ ಹೇಳುತ್ತೇನೆ. ಶಾಲೆ ಸಾಧಾರಣ, ಮಗುವಿನ ಓದು ನಿಮ್ಮ ಕೈಯಲ್ಲಿದೆ. ಕಾರು ಓಡಿಸಲು ಊರಿನಲ್ಲೇ ಕಲಿತು ಬನ್ನಿ, ಇಲ್ಲಿ ಬಸ್ಸಿಲ್ಲ. ಯಾವ ಚರ್ಚಿಗೆ ಹೋಗುತ್ತೀರಿ ಎಂದು ಪರಿಚಯವಾದ ಕೂಡಲೇ ಕೇಳುತ್ತಾರೆ. ನಮ್ಮಲ್ಲಿ ಯಾವೂರು, ಯಾರ ಪೈಕಿ ಎಂದು ಕೇಳುವ ಹಾಗೆಯೇ ಅದು, ಬೇಸರ ಬೇಡ. ದೇವಸ್ಥಾನಕ್ಕೆ ಅಟ್ಲಾಂಟಾದ ದಕ್ಷಿಣಕ್ಕಿರುವ ರಿವರ್‌ಡೇಲ್‌ಗೆ ಹೋಗಬೇಕು, ವೆಂಕಟೇಶ್ವರನ ಗುಡಿಯಿದೆ. ಬೇಳೆ, ಜೋಳದ ಹಿಟ್ಟು, ಹುಣಸೆ ಇತ್ಯಾದಿಗೆ ಅಟ್ಲಾಂಟಾದ ಪಕ್ಕದ ಡಿಕೇಟರ್‌ನಲ್ಲಿ ನಮ್ಮವರ ಅಂಗಡಿಗಳಿವೆ. ಅಲ್ಲಿಂದ ವರ್ಷಕ್ಕಾಗುವಷ್ಟು ತಂದು ಫ್ರೀಜರಿನಲ್ಲಿ ತುಂಬುವ ಆಸೆಯನ್ನು ಮಾತ್ರ ಹತ್ತಿಕ್ಕಿಕೊಳ್ಳಿ: 2018ರ ಅಕ್ಟೋಬರಿನಲ್ಲಿ ಮೈಕೆಲ್ ಚಂಡಮಾರುತ ಈ ಭಾಗಕ್ಕೆ ನುಗ್ಗಿದಾಗ ಹಳೆಯ ಪೀಕಾನ್ ತೋಟಗಳೇ ಬುಡಸಮೇತ ಉರುಳಿದವು, ವಿದ್ಯುತ್ತು ದಿನಗಟ್ಟಲೆ ಬರಲಿಲ್ಲ, ನಾನು ತುರಿದಿಟ್ಟಿದ್ದ ತೆಂಗಿನಕಾಯಿಯೆಲ್ಲ ಕಸಕ್ಕೆ ಹೋಯಿತು. ಆ ದಿನಗಳಲ್ಲಿ ಗ್ಯಾಸ್ ಒಲೆಯಿದ್ದ ಮನೆಯವರು ಓಣಿಗೆಲ್ಲ ಬೇಯಿಸಿ ಹಾಕಿದರು. ಮನೆ ಹುಡುಕುವಾಗ ಗ್ಯಾಸ್ ಒಲೆಯಿರುವುದನ್ನೇ ಹುಡುಕಿ; ರೊಟ್ಟಿಗೂ ಅದೇ ಸರಿ.

ಊರಿನಿಂದ ತರಬೇಕಾದವು ಹೆಚ್ಚಿಲ್ಲ. ಗುರೆಳ್ಳು ಚಟ್ನಿಪುಡಿ, ಅಗಸಿ ಚಟ್ನಿಪುಡಿ, ಬ್ಯಾಡಗಿ ಮೆಣಸಿನ ಖಾರದ ಪುಡಿ, ರೊಟ್ಟಿಯ ಕಬ್ಬಿಣದ ಹಂಚು. ಶೇಂಗಾ ತರಲೇಬೇಡಿ. ಬೀಜ, ಗಿಡ, ಹಸಿ ಕರಿಬೇವು ಇವನ್ನು ನಿಲ್ದಾಣದಲ್ಲೇ ಕಸಿದುಕೊಳ್ಳುತ್ತಾರೆ. ನಿಂಬೆ, ಕಿತ್ತಳೆ ಜಾತಿಯ ಮರಗಳಿಗೆ ರೋಗ ಹರಡುವ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ನಿಮ್ಮ ಮಿಕ್ಸರ್ ಇಲ್ಲಿ ಓಡದು, ಇಲ್ಲಿನ ವಿದ್ಯುತ್ತು 120 ವೋಲ್ಟಿನದು.

ನೀವು ಆಗಸ್ಟ್ ಕೊನೆಗೆ ಬರುವುದಾಗಿ ಬರೆದಿದ್ದೀರಿ, ಒಳ್ಳೆಯ ಸಮಯ. ನೆಲದಿಂದ ಆಗ ತಾನೇ ಕಿತ್ತ ಹಸಿ ಶೇಂಗಾವನ್ನು ಉಪ್ಪು ನೀರಿನ ದೊಡ್ಡ ಹಂಡೆಗಳಲ್ಲಿ ಕುದಿಸಿ ರಸ್ತೆಬದಿಯಲ್ಲಿ ಮಾರುವ ಕಾಲ ಅದು. ವಿಮಾನ ನಿಲ್ದಾಣದಿಂದ ಬರುವಾಗ ಪೆರ್ರಿ ಊರು ದಾಟಿದ ಮೇಲೆ ಅಂಥ ಹಂಡೆ ಕಂಡಲ್ಲಿ ಕಾರು ನಿಲ್ಲಿಸಿ, ಎರಡು ಪೊಟ್ಟಣ ತೆಗೆದುಕೊಳ್ಳಿ. ಒಂದೇ ತೆಗೆದುಕೊಂಡರೆ ಮನೆ ಮುಟ್ಟುವ ಮುಂಚೆಯೇ ಮುಗಿಯುತ್ತದೆ.