ಬಿ-24 ಲಿಬರೇಟರ್ ಬಾಂಬರನ್ನು ಫ್ಲೈಟ್ ಸಿಮ್ಯುಲೇಟರಿಗೆ ಮಾಡುವಾಗ ಬಣ್ಣ ಯಾವುದನ್ನು ನೋಡಿ ಹಾಕಬೇಕು?

ನೀವು ಕೇಳಿದ್ದು ಇಷ್ಟು: ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರಿನಲ್ಲಿ ಲಿಬರೇಟರಿನ ಆಕಾರ ಮುಗಿಯುತ್ತಾ ಬಂದಿದೆ, ಬಣ್ಣ ಹಾಕಿದರೆ ಮಾತ್ರ ಪ್ಲಾಸ್ಟಿಕ್ ಅನ್ನಿಸುತ್ತಿದೆ. ಅಮೆರಿಕದ ಒಂದೆರಡು ಬಣ್ಣಗಳ ಜೊತೆ ಭಾರತೀಯ ವಾಯುಪಡೆಯದ್ದೂ ಬೇಕು. ಯಾವುದನ್ನು ನಂಬಲಿ?

ನಾನೂ ಹವ್ಯಾಸಕ್ಕೆ ಹಳೇ ವಿಮಾನಗಳ ಮಾಡೆಲ್, ರಿಪೇಂಟ್ (ಇರುವ ಮಾಡೆಲ್‌ಗೆ ಹೊಸ ಬಣ್ಣ) ಮಾಡುತ್ತಿರುತ್ತೇನೆ. ಮ್ಯೂಸಿಯಮ್ಮಿನಲ್ಲಿ ನಿಂತ ವಿಮಾನ ನೋಡಿ ಬಣ್ಣ ಹಾಕಬೇಡಿ ಅನ್ನುವುದು ನನ್ನ ಮೊದಲ ಮಾತು. ಲಿಬರೇಟರ್ ವಿಷಯದಲ್ಲಂತೂ ಬೇಡವೇ ಬೇಡ. 44-44052 ನಂಬರಿನ ವಿಮಾನವನ್ನೇ ತಗೊಳ್ಳಿ. ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿ 1944ರಲ್ಲಿ ತಯಾರಾಯಿತು. ಬ್ರಿಟಿಷ್ ವಾಯುಪಡೆಗೆ ಹೋಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಭಾರತದಲ್ಲೇ ಉಳಿದು, ನಮ್ಮ ವಾಯುಪಡೆಯಲ್ಲಿ 1968ರ ತನಕ ದುಡಿಯಿತು. ಕೈಯಿಂದ ಕೈಗೆ ದಾಟಿ ಅಮೆರಿಕ ಸೇರಿ, ರಿಪೇರಿಯಾಗಿ 1989ರಲ್ಲಿ ಮತ್ತೆ ಹಾರಿತು. ಅಲ್ಲಿ ಮೊದಲು ‘ಆಲ್ ಅಮೆರಿಕನ್’, ಆಮೇಲೆ ‘ದಿ ಡ್ರ್ಯಾಗನ್ ಅಂಡ್ ಹಿಸ್ ಟೇಲ್’, ಅದಾದ ಮೇಲೆ ‘ವಿಚ್‌ಕ್ರಾಫ್ಟ್’ ಆಯಿತು. ಮೂರು ಹೆಸರೂ ಮೂರು ಬಣ್ಣವೂ ಬೇರೆ ಬೇರೆ ವಿಮಾನಗಳಿಂದ ತಂದು ಇದರ ಮೇಲೆ ಬರೆದದ್ದು. ಅಂದರೆ ನೆಟ್‌ನಲ್ಲಿ ಸಿಗುವ ಆ ಚೆಂದದ ಕಲರ್ ಫೋಟೊ ಕೂಡ ಯಾರೋ ಮಾಡಿದ ರಿಪೇಂಟೇ! ಅದನ್ನು ನೋಡಿ ಬಿಡಿಸಿದರೆ ನಿಮ್ಮದು ನಕಲಿನ ನಕಲು ಆಗುತ್ತದೆ. ಲಂಡನ್ನಿನ ಹೆಂಡನ್ ಮ್ಯೂಸಿಯಮ್ಮಿನಲ್ಲಿರುವ ಕೆಎನ್751 ಕೂಡ ನಮ್ಮಲ್ಲಿ ಎಚ್‌ಇ807 ಆಗಿ ಹಾರಿದ್ದೇ. ಇವತ್ತು ಅದರ ಮೇಲಿರುವುದು ಬ್ರಿಟಿಷ್ ಗುರುತು.

ಹಾಗಾಗಿ ಒಂದು ಸೀರಿಯಲ್ ನಂಬರು, ಒಂದು ತಿಂಗಳು ಅಂತ ಗಟ್ಟಿ ಮಾಡಿಕೊಳ್ಳಿ. ತಿಂಗಳು ಯಾಕೆ ಅಂದರೆ, ಗುರುತುಗಳು ಅಷ್ಟು ಬೇಗ ಬದಲಾಗುತ್ತಿದ್ದವು. 1942ರ ಮೇ ತನಕ ಅಮೆರಿಕದ ನಕ್ಷತ್ರದ ನಡುವೆ ಕೆಂಪು ಚುಕ್ಕೆ ಇತ್ತು. ಜಪಾನಿನ ಕೆಂಪು ಸೂರ್ಯ ಅಂದುಕೊಂಡು ತಮ್ಮವರೇ ಹೊಡೆದಾರು ಅಂತ ತೆಗೆದರು. 1943ರ ನಡುವಿಗೆ ಎರಡೂ ಕಡೆ ಬಿಳಿ ಪಟ್ಟಿ, ಸುತ್ತ ಕೆಂಪು ಅಂಚು ಬಂತು. ಕೆಲವೇ ತಿಂಗಳಲ್ಲಿ ಆ ಕೆಂಪು ಹೋಗಿ ನೀಲಿ ಅಂಚಾಯಿತು. ರುಮೇನಿಯಾದ ಪ್ಲೊಯೆಸ್ಟಿ ತೈಲ ಕಾರ್ಖಾನೆಗಳ ಮೇಲೆ 1943ರ ಆಗಸ್ಟ್ 1ರಂದು ನಡೆದ ದಾಳಿ ಸರಿಯಾಗಿ ಈ ಗಡಿಬಿಡಿಯ ನಡುವೆ ಬರುತ್ತದೆ. ಅವತ್ತು ಹೋದವುಗಳಲ್ಲಿ ಇಂಗ್ಲೆಂಡಿನಿಂದ ಬಂದ ಮೂರು ಬಾಂಬರ್ ಗ್ರೂಪಿನ (ದಳದ) ವಿಮಾನಗಳು ಆಲಿವ್ ಡ್ರ್ಯಾಬ್, ಅಂದರೆ ಮಂಕು ಕಂದುಹಸಿರು. ಲಿಬಿಯಾದಲ್ಲೇ ಬೀಡುಬಿಟ್ಟಿದ್ದ 98 ಮತ್ತು 376ನೇ ಗ್ರೂಪಿನವು ಮರಳಿನ ಬಣ್ಣ, ಬಿಸಿಲಿಗೆ ಮಾಸಿ ಗುಲಾಬಿಗೆ ತಿರುಗಿದ್ದು. ಒಂದೇ ದಾಳಿ, ಎರಡು ಲೋಕ. ‘ಪ್ಲೊಯೆಸ್ಟಿ ಬಣ್ಣ’ ಅಂತ ಸುಮ್ನೆ ಒಂದು ಬಿಡಿಸಿದರೆ ತಿಳಿದವರು ತಕ್ಷಣ ಕೇಳುತ್ತಾರೆ, ಯಾವ ಗ್ರೂಪಿನದು ಅಂತ.

ಕಪ್ಪು-ಬಿಳುಪು ಫೋಟೊ ನೋಡುವಾಗ ಇನ್ನೊಂದು ಹುಷಾರು ಬೇಕು. ಆಗಿನ ಆರ್ಥೊಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪು, ಹಳದಿ ಎರಡೂ ಕಪ್ಪಾಗಿ ಬೀಳುತ್ತವೆ, ನೀಲಿ ತೆಳ್ಳಗೆ ಕಾಣುತ್ತದೆ. ಫೋಟೊದಲ್ಲಿ ಕಪ್ಪಗಿದೆ ಅಂತ ಕಡುನೀಲಿ ಬಳಿಯುವ ಮುಂಚೆ, ಬಣ್ಣ ಗೊತ್ತಿರುವ ಒಂದು ಗುರುತನ್ನು ಅದೇ ಫೋಟೊದಲ್ಲಿ ಹುಡುಕಿ ತಾಳೆ ನೋಡಿ.

ಬಣ್ಣ ಹಾಕುವ ಮುಂಚೆ ಮೂತಿ ಸರಿಯಿದೆಯಾ ನೋಡಿಕೊಳ್ಳಿ. ಡಿ ಮಾದರಿಗೆ ಗಾಜಿನ ಮೂತಿ. ಎಚ್‌ನಿಂದ ಮುಂದಕ್ಕೆ ಮೂತಿಯಲ್ಲಿ ಗನ್ ಟರೆಟ್ (ತಿರುಗುವ ಬಂದೂಕಿನ ಗೂಡು). ಐದು ಕಾರ್ಖಾನೆಗಳಲ್ಲಿ 18 ಸಾವಿರಕ್ಕೂ ಜಾಸ್ತಿ ವಿಮಾನ ತಯಾರಾದವು, ಸಣ್ಣಪುಟ್ಟ ವ್ಯತ್ಯಾಸ ಬೇಕಾದಷ್ಟಿವೆ. ಎಂಜಿನ್ ಕೌಲಿಂಗ್ (ಎಂಜಿನ್ನಿನ ಹೊರಕವಚ) ಅಡ್ಡಡ್ಡ ಮೊಟ್ಟೆಯಾಕಾರದಲ್ಲಿರಬೇಕು. ನಿಮ್ಮದು ಗುಂಡಗಿದ್ದರೆ ಟರ್ಬೊ (ಹೊಗೆಯ ಬಲದಿಂದ ಎಂಜಿನ್ನಿಗೆ ಗಾಳಿ ತುಂಬುವ ಯಂತ್ರ) ಇಲ್ಲದ ಶುರುವಿನ ವಿಮಾನಗಳ ಚಿತ್ರ ನೋಡಿ ಮಾಡಿದ್ದೀರಿ ಅಂತ ಅರ್ಥ.

ಇನ್ನು ಪ್ಲಾಸ್ಟಿಕ್ ಕಾಟ. ಇದು ಮುಕ್ಕಾಲು ಪಾಲು ಬಣ್ಣದ ತಪ್ಪಲ್ಲ, ರಫ್‌ನೆಸ್‌ನದ್ದು, ಅಂದರೆ ಮೈ ಎಷ್ಟು ಒರಟು, ಎಷ್ಟು ನುಣುಪು ಅನ್ನುವುದರದ್ದು. ಮೈಕ್ರೊಸಾಫ್ಟ್ ಸಿಮ್ಯುಲೇಟರಿನಲ್ಲಿ ಒಂದೇ ಟೆಕ್ಸ್ಚರಿನ (ಮಾಡೆಲ್ಲಿನ ಮೈಗೆ ಹೊದಿಸುವ ಚಿತ್ರದ) ಕೆಂಪು ಚಾನೆಲ್ ಆಕ್ಲೂಷನ್‌ಗೆ (ಸಂದುಗಳ ನೆರಳಿಗೆ), ಹಸಿರು ರಫ್‌ನೆಸ್‌ಗೆ, ನೀಲಿ ಮೆಟಾಲಿಕ್‌ಗೆ (ಲೋಹದ ಗುಣಕ್ಕೆ). ಆ ಹಸಿರು ಚಾನೆಲನ್ನು ಒಂದೇ ಬೂದು ಬಣ್ಣದಿಂದ ತುಂಬಿಸಿಟ್ಟಿದ್ದೀರಿ, ಅಲ್ವಾ? ಅಲ್ಲೇ ಇದೆ ಸಮಸ್ಯೆ. ಬಣ್ಣ ಇರುವ ಕಡೆ ಮೆಟಾಲಿಕ್ ಸೊನ್ನೆ, ಬಣ್ಣ ಎದ್ದು ಲೋಹ ಕಂಡ ಕಡೆ ಪೂರ್ತಿ. ನಡುವಿನ ಬೂದು ಬೇಡ. ಬರಿಯ ಅಲ್ಯೂಮಿನಿಯಂ ಮೈಯಾದರೆ ಪ್ರತಿ ತಗಡಿಗೂ ರಫ್‌ನೆಸ್ ಒಂದು ಚೂರು ಬೇರೆ ಕೊಡಿ. ಆದರೆ ಒಂದು ಮಾತು: ಲಿಬರೇಟರಿನಲ್ಲಿ ಏಲರಾನ್, ಎಲಿವೇಟರ್, ರಡ್ಡರ್‌ಗಳಿಗೆ (ರೆಕ್ಕೆ, ಬಾಲದಲ್ಲಿ ಆಡುವ ಭಾಗಗಳಿಗೆ) ಹೊದಿಸಿದ್ದು ಬಟ್ಟೆ, ಅದರ ಮೇಲೆ ಬೆಳ್ಳಿ ಬಣ್ಣದ ಡೋಪ್ (ಬಟ್ಟೆಯನ್ನು ಬಿಗಿಮಾಡುವ ಲೇಪ). ಅಲ್ಲಿ ಮೆಟಾಲಿಕ್ ಇಳಿಸಿ, ರಫ್‌ನೆಸ್ ಏರಿಸಿ. ಇದನ್ನು ಬಿಟ್ಟರೆ ಇಡೀ ವಿಮಾನ ಹೊಸ ಸ್ಟೀಲ್ ಡಬ್ಬಿ ಥರ ಹೊಳೆಯುತ್ತದೆ. ಆಲಿವ್ ಡ್ರ್ಯಾಬ್ ವಿಮಾನದಲ್ಲೂ ಬಟ್ಟೆಯ ಮೇಲಿನ ಬಣ್ಣ ತಗಡಿನ ಮೇಲಿನದಕ್ಕಿಂತ ಬೇರೆ ಥರ ಮಾಸುತ್ತದೆ.

ಹೊಗೆಯ ಕಲೆಯನ್ನು ರೆಕ್ಕೆಯ ಮೇಲೆ ಎಳೆಯಬೇಡಿ. ಟರ್ಬೊ ಇರುವುದು ಎಂಜಿನ್ ಗೂಡಿನ ಅಡಿಯಲ್ಲಿ, ಮಸಿಯೂ ಅಡಿಯಲ್ಲೇ ಹಿಂದಕ್ಕೆ ಹರಿಯುತ್ತದೆ. ರೆಕ್ಕೆಯ ಮುಂಚೂಣಿಯಲ್ಲಿ ಮಂಜುಗಡ್ಡೆ ಒಡೆಯುವ ಕಪ್ಪು ರಬ್ಬರಿನ ಡೀ-ಐಸರ್ ಪಟ್ಟಿ. ರಿವೆಟ್‌ಗಳನ್ನು ಆಳವಾಗಿ ಕೊರೆಯಬೇಡಿ, 110 ಅಡಿ ರೆಕ್ಕೆಯ ವಿಮಾನದಲ್ಲಿ ದೂರದಿಂದ ಅವು ಕಾಣುವುದೇ ಇಲ್ಲ. ಎಡ-ಬಲ ಮೈಗೆ ಒಂದೇ ಯುವಿ (ಚಿತ್ರದ ಯಾವ ಭಾಗ ಮೈಯ ಎಲ್ಲಿಗೆ ಅನ್ನುವ ನಕ್ಷೆ) ಕೊಟ್ಟಿದ್ದರೆ ಈಗಲೇ ಬೇರೆ ಬೇರೆ ಮಾಡಿ. ಇಲ್ಲದಿದ್ದರೆ ಒಂದು ಬದಿಯಲ್ಲಿ ಅಕ್ಷರಗಳೆಲ್ಲ ತಿರುಗುಮುರುಗು.

ನಮ್ಮ ವಾಯುಪಡೆಯ ಬಣ್ಣಕ್ಕೆ ಬರೋಣ. ಯುದ್ಧ ಮುಗಿದಾಗ ಬ್ರಿಟಿಷರು ಕಾನ್ಪುರದಲ್ಲಿ ಲಿಬರೇಟರುಗಳನ್ನು ಬೇಕಂತಲೇ ಹಾಳುಮಾಡಿ ಬಿಟ್ಟುಹೋಗಿದ್ದರು. ಅವನ್ನು ಅಲ್ಲೇ ಹೇಗೋ ಹಾರುವಷ್ಟು ಸರಿಮಾಡಿ, ಬೆಂಗಳೂರಿಗೆ ತಂದು ಪೂರ್ತಿ ರಿಪೇರಿ ಮಾಡಿದ್ದು ಎಚ್‌ಎಎಲ್. ಹಾರಿಸಿ ತಂದವರು ಅದರ ಟೆಸ್ಟ್ ಪೈಲಟ್ ಜಮ್ಶೆಡ್ ಮುನ್ಷಿ. ಆ ಗುಜರಿಯಿಂದ 40ಕ್ಕೂ ಹೆಚ್ಚು ವಿಮಾನ ಎದ್ದುಬಂದವು ಅಂದರೆ ಇವತ್ತಿಗೂ ನಂಬುವುದು ಕಷ್ಟ. 1948ರ ನವೆಂಬರಿನಲ್ಲಿ 5ನೇ ಸ್ಕ್ವಾಡ್ರನ್ ಇವುಗಳಿಂದಲೇ ಶುರುವಾಯಿತು. ಇಲ್ಲೂ ತಾರೀಖು ಮುಖ್ಯ: 1950ಕ್ಕೆ ಮುಂಚೆಯಾದರೆ ಗುರುತಿನಲ್ಲಿ ಅಶೋಕ ಚಕ್ರ, ಆಮೇಲಿನದಾದರೆ ಕೇಸರಿ-ಬಿಳಿ-ಹಸಿರು ವೃತ್ತ. ಗಾಜಿನ ಮೂತಿಯ ಡಿ ಮಾದರಿಗೆ ಈ ಬಣ್ಣ ಹಾಕಬೇಡಿ. ನಮ್ಮಲ್ಲಿಂದ ಹೋಗಿ ಹೊರಗೆ ಉಳಿದಿರುವವು ಜೆ ಮತ್ತು ಎಲ್ ಮಾದರಿಯವು.

ನನ್ನ ಕೇಳಿದರೆ ಇದನ್ನೇ ಮೊದಲು ಮಾಡಿ. ಬೆಳ್ಳಿ ಮೈ, ಗುರುತು ಕಡಿಮೆ, ಹಾಗಾಗಿ ಬೇಸ್ ಟೆಕ್ಸ್ಚರಿನ ತಪ್ಪೆಲ್ಲ ಎದ್ದು ಕಾಣುತ್ತದೆ. ಅದು ಸರಿಹೋದ ಮೇಲೆ ಆಲಿವ್ ಡ್ರ್ಯಾಬನ್ನು ಮೇಲಿನ ಲೇಯರಾಗಿ ಹಾಕುವುದು ಸಲೀಸು. ಬಿಡುಗಡೆ ಮಾಡುವಾಗ ಪೇಂಟ್ ಕಿಟ್ಟನ್ನು (ಬೇರೆಯವರು ಬಣ್ಣ ಹಾಕಲು ಬಳಸುವ ಫೈಲುಗಳನ್ನು) ಲೇಯರುಗಳ ಸಮೇತ ಕೊಡಿ. 6ನೇ ಸ್ಕ್ವಾಡ್ರನ್ನಿನ ಸಮುದ್ರ ಗಸ್ತಿನ ಲಿಬರೇಟರ್ ಮಾಡಲು ನಾನೇ ಕಾಯುತ್ತಿದ್ದೇನೆ.