ಪ್ರ: ಲಂಡನ್‌ನ ಹಳೆಯ ಮರದ ರಸ್ತೆಗಳ ಕುರುಹು ಎಲ್ಲಿ ಸಿಗುತ್ತದೆ?

ರಸ್ತೆಯನ್ನೇ ನೋಡಬೇಕೆಂದರೆ ಬನ್‌ಹಿಲ್ ರೋ ಪಕ್ಕದ ಚೆಕರ್ ಸ್ಟ್ರೀಟ್‌ಗೆ ಹೋಗಿ, ಅಲ್ಲಿ ಒಂದು ತುಂಡು ಉಳಿದಿದೆ. ಆದರೆ ನೀವು ನಿಜವಾಗಿ ಹುಡುಕಬೇಕಾದದ್ದು ಮ್ಯಾನ್‌ಹೋಲ್ ಮುಚ್ಚಳಗಳನ್ನು. ಸುತ್ತಲಿನ ರಸ್ತೆಗೆ ಹೊಂದಲೆಂದು ಕೆಲವು ಎರಕದ ಕಬ್ಬಿಣದ ಮುಚ್ಚಳಗಳ ಗುಳಿಗಳಲ್ಲೂ ಮರದ ತುಂಡು ಕೂರಿಸುತ್ತಿದ್ದರು. ಮುಂದೆ ರಸ್ತೆಗೆ ಡಾಂಬರು ಬಿತ್ತು, ಮುಚ್ಚಳಗಳು ಹಾಗೇ ಉಳಿದವು.

ಈ ಮರದ ತುಂಡು ದೂರದಿಂದ ಇಟ್ಟಿಗೆಯಂತೆಯೇ ಕಾಣುತ್ತದೆ, ಮೋಸಹೋಗಬೇಡಿ. ಬಗ್ಗಿ ನೋಡಿ: ತುಂಡುಗಳನ್ನು ನೆಟ್ಟಗೆ ನಿಲ್ಲಿಸಿರುತ್ತಾರೆ, ಹಾಗಾಗಿ ಮೇಲ್ಮುಖದಲ್ಲಿ ಬೆಳವಣಿಗೆಯ ಉಂಗುರಗಳ ಕಮಾನು ಗೆರೆ ಕಾಣಬೇಕು. ನಾರು ಅಡ್ಡಲಾಗಿದ್ದರೆ ಚಕ್ರದಡಿ ಸಿಬಿರೆದ್ದು ಹೋಗುತ್ತಿತ್ತು. ತೆಳುವಾಗಿ ಮಳೆ ಬಿದ್ದ ಮೇಲೆ ಗೆರೆ ಚೆನ್ನಾಗಿ ಎದ್ದು ಕಾಣುತ್ತದೆ. ಇಲ್ಲವಾದರೆ ಮೆತ್ತನೆಯ ಬ್ರಷ್ ಸಾಕು.

ಕುದುರೆ ಲಾಳದ ಸದ್ದು ತಗ್ಗಿಸಲು ಮರ ಹೇಳಿ ಮಾಡಿಸಿದಂತಿತ್ತು. ಆದರೆ ನೀರು ಕುಡಿದು ಉಬ್ಬಿ ರಸ್ತೆಯೇ ಮೇಲೇಳುತ್ತಿತ್ತು, ಗಂಜಲ ಇಂಗಿ ನಾರುತ್ತಿತ್ತು, ಒದ್ದೆಯಾದರೆ ಜಾರುತ್ತಿತ್ತು. ಮರ ಕೊಳೆಯದಂತೆ ಕಾಯುವ ಕ್ರಿಯೋಸೋಟ್ ಎಂಬ ಎಣ್ಣೆ ಉಣಿಸಿದರೂ ಪೂರ್ತಿ ಪರಿಹಾರ ಸಿಗಲಿಲ್ಲ. ಕಿತ್ತ ತುಂಡುಗಳನ್ನು ಜನ ಒಲೆಗೆ ಹಾಕಿದರು, ಕುರುಹು ಇಷ್ಟು ವಿರಳವಾಗಲು ಅದೂ ಒಂದು ಕಾರಣ.

ಸಡಿಲವಾದ ತುಂಡು ಕಂಡರೂ ಕೀಳಬೇಡಿ. ಕ್ರಿಯೋಸೋಟ್ ಚರ್ಮಕ್ಕೆ ಒಳ್ಳೆಯದಲ್ಲ, ಒಂದು ಹೋದರೆ ಪಕ್ಕದ್ದೂ ಅಲುಗುತ್ತದೆ.