‘ಥ್ವಾರ್ಟ್’ ಎಂದರೆ ಅಡ್ಡಿಪಡಿಸುವುದಷ್ಟೇ ಅಲ್ಲ

ಪ್ರಿಯ ಓದುಗರೆ,

1605ರಲ್ಲಿ ಲಂಡನ್ನಿನ ಸಂಸತ್ತನ್ನು ಸಿಡಿಸಲು ಹೂಡಿದ್ದ ಸಿಡಿಮದ್ದಿನ ಸಂಚನ್ನು ಕುರಿತು ನಾವು ಪ್ರಕಟಿಸಿದ ಅನುವಾದಿತ ಲೇಖನದಲ್ಲಿ ಇಂಗ್ಲಿಷಿನ ‘ಥ್ವಾರ್ಟೆಡ್’ (thwarted) ಎಂಬಲ್ಲಿ ‘ಸಂಚು ವಿಫಲವಾಯಿತು’ ಎಂದು ಅಚ್ಚಾಗಿದೆ, ನಿಘಂಟು ‘ಅಡ್ಡಿಪಡಿಸು’ ಎನ್ನುತ್ತದೆ, ಯಾವುದು ಸರಿ ಎಂದು ಕೇಳಿದ್ದೀರಿ. ಎರಡೂ ಸಾಲವು. ತಪ್ಪು ನಮ್ಮದೇ.

ಈ ಪದ ಇಂಗ್ಲಿಷಿಗೆ ಬಂದದ್ದು ಉತ್ತರ ಯೂರೋಪಿನ ಪ್ರಾಚೀನ ನಾರ್ಸ್ ಭಾಷೆಯಿಂದ. ಅಲ್ಲಿ ಅದರ ಅರ್ಥ ‘ಅಡ್ಡಲಾಗಿ’ ಎಂದಷ್ಟೇ. 1667ರಲ್ಲಿ ಪ್ರಕಟವಾದ ಇಂಗ್ಲಿಷ್ ಕವಿ ಮಿಲ್ಟನ್ನನ ಮಹಾಕಾವ್ಯ ‘ಪ್ಯಾರಡೈಸ್ ಲಾಸ್ಟ್’ನಲ್ಲಿ ದೇವದೂತನೊಬ್ಬ ಇಳಿದುಬರುವ ವೇಗವನ್ನು ಶರತ್ಕಾಲದ ಇರುಳನ್ನು ಅಡ್ಡ ಹಾಯುವ ಉಲ್ಕೆಗೆ ಹೋಲಿಸಿದೆ. ಅಲ್ಲಿನ ಕ್ರಿಯಾಪದ ಇದೇ, ಆದರೆ ಯಾರೂ ಯಾರನ್ನೂ ತಡೆಯುತ್ತಿಲ್ಲ. ನಮ್ಮ ‘ಅಡ್ಡ’ವೂ ಹೀಗೆಯೇ ನಡೆದುಬಂದಿದೆ: ಅಡ್ಡಪಟ್ಟಿಯಲ್ಲಿ ಅದು ಬರಿಯ ದಿಕ್ಕು, ಅಡ್ಡಗಾಲಿನಲ್ಲಿ ತೊಡಕು. ಎಲ್ಲೋ ಉತ್ತರದ ಕಡಲತಡಿಯ ನುಡಿಯೂ ನಮ್ಮ ನುಡಿಯೂ ಒಂದೇ ಜಾಡು ಹಿಡಿದದ್ದನ್ನು ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಆದರೆ ಹೋಲಿಕೆ ಅಲ್ಲಿಗೆ ಮುಗಿಯುತ್ತದೆ. ಅಡ್ಡಿಪಡಿಸಿದರೂ ಕೆಲಸ ಮುಂದುವರಿಯಬಹುದು. ‘ಮಳೆ ಅಡ್ಡಿಪಡಿಸಿದರೂ ಜಾತ್ರೆ ನಡೆಯಿತು’ ಎಂದು ನಾವೇ ಬರೆಯುತ್ತೇವೆ. ‘ಥ್ವಾರ್ಟ್’ ಆದ ಮೇಲೆ ಕೆಲಸ ನಿಂತೇ ಹೋಗಿರುತ್ತದೆ. ಇನ್ನು ‘ವಿಫಲವಾಯಿತು’ ಎಂದರೆ ಕೆಲಸ ನಿಂತದ್ದು ತಿಳಿಯುತ್ತದೆಯೇ ಹೊರತು ನಿಲ್ಲಿಸಿದ್ದು ಏನೆಂದು ತಿಳಿಯುವುದಿಲ್ಲ; ಮದ್ದು ನೆನೆದು ಹೊತ್ತಿಕೊಳ್ಳದೆ ಹೋಗಿದ್ದರೂ ಆ ಮಾತು ಸಲ್ಲುತ್ತಿತ್ತು. ನಡೆದದ್ದು ಬೇರೆ. ಸಂಸತ್ತಿಗೆ ಹೋಗಬೇಡಿ ಎಂಬ ಅನಾಮಧೇಯ ಪತ್ರವೊಂದು ಅಕ್ಟೋಬರ್ 26ರಂದು ಲಾರ್ಡ್ ಮಾಂಟೀಗಲ್‌ನ ಕೈಸೇರಿತು, ಅವನು ಅದನ್ನು ದೊರೆಯ ಮಂತ್ರಿಗಳಿಗೆ ಮುಟ್ಟಿಸಿದ, ಅಧಿವೇಶನದ ಹಿಂದಿನ ರಾತ್ರಿ ಶೋಧಕ್ಕೆ ಹೋದವರಿಗೆ ನೆಲಮಾಳಿಗೆಯಲ್ಲಿ 36 ಪೀಪಾಯಿ ಮದ್ದೂ ಅದನ್ನು ಕಾಯುತ್ತಿದ್ದ ಸಂಚುಕೋರ ಗೈ ಫಾಕ್ಸ್‌ನೂ ಸಿಕ್ಕಿದರು. ಆ ಪತ್ರವನ್ನೂ ಶೋಧವನ್ನೂ ನಮ್ಮ ‘ವಿಫಲವಾಯಿತು’ ಅಳಿಸಿಹಾಕಿತು.

ತಡೆದದ್ದನ್ನೂ ತಡೆ ಗೆದ್ದದ್ದನ್ನೂ ಒಟ್ಟಿಗೆ ಹೇಳುವ ಮಾತು ಕನ್ನಡದಲ್ಲಿ ದಿನಬಳಕೆಯಲ್ಲೇ ಇದೆ: ‘ಕೈಗೂಡಲು ಬಿಡಲಿಲ್ಲ’. ತಡೆದದ್ದು ಮನುಷ್ಯನೇ ಆಗಬೇಕೆಂದೂ ಇಲ್ಲ. ‘ದಕ್ಷಿಣ ಧ್ರುವ ಮುಟ್ಟುವ ಅನ್ವೇಷಕ ಶ್ಯಾಕಲ್ಟನ್ನನ ಆಸೆಯನ್ನು 1909ರಲ್ಲಿ ಹಸಿವೂ ಹಿಮಗಾಳಿಯೂ ಕೈಗೂಡಲು ಬಿಡಲಿಲ್ಲ’ ಎಂದರೆ ಚೆನ್ನಾಗಿಯೇ ಒಪ್ಪುತ್ತದೆ. ಇಂಗ್ಲಿಷಿನ ಕರ್ಮಣಿ ಪ್ರಯೋಗವನ್ನು ‘ತಡೆಯಲ್ಪಟ್ಟಿತು’ ಎಂದು ಎಳೆದು ತರುವ ಕಷ್ಟವೂ ತಪ್ಪುತ್ತದೆ. ಪ್ರೇಮದ ವಿಚಾರವಾದರೆ ‘ಭಗ್ನ’ ಸಾಕು. ‘ಅಡ್ಡಗಾಲು ಹಾಕಿದರು’ ಎಂಬುದನ್ನು ಮಾತ್ರ ಇಲ್ಲಿ ಬಳಸಲಾರೆ, ಏಕೆಂದರೆ ಅದರಲ್ಲಿ ತಡೆದವರದೇ ಕಿಡಿಗೇಡಿತನ ಎಂಬ ಧ್ವನಿಯಿದೆ.

ಆ ವಾಕ್ಯವನ್ನು ಹೀಗೆ ತಿದ್ದಿ ಓದಿಕೊಳ್ಳಬೇಕಾಗಿ ವಿನಂತಿ: ‘ಯಾರೋ ಬರೆದ ಒಂದು ಪತ್ರ ಆ ಸಂಚನ್ನು ಕೈಗೂಡಲು ಬಿಡಲಿಲ್ಲ.’

– ಸಂಪಾದಕ